ನಿಧಾನಕ್ಕೆ ಮಾತಾಡಿದ ಯಂತ್ರ

ಟುಣ್.

ಗಾಜಿನ ಲೋಟದ ಅಂಚಿಗೆ ಉಗುರು ತಾಗಿದಷ್ಟೇ ಸದ್ದು. ಮಧ್ಯರಾತ್ರಿ ದಾಟಿತ್ತು. ಹಗಲಾಗಿದ್ದರೆ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆದರೆ ಗ್ಯಾಸ್ ಆರಿಸಿದೆನೋ ಇಲ್ಲವೋ, ಚಿಲಕ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ನೋಡುವ ಹೆಂಗಸು ನಾನು. ಈ ಮನೆಯಲ್ಲಿ ನನಗೆ ಕೇಳಿಸದ ಸದ್ದಿಲ್ಲ.

ನಾದಿನಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಗ್ಗತ್ತಲು. ಕೀಬೋರ್ಡಿನ ಮೇಲೆ ಬೆರಳುಗಳು ಓಡುತ್ತಿದ್ದವು.

"ಒಳಗೆ ಬನ್ನಿ ಅತ್ತಿಗೆ. ಬಾಗಿಲ ಹತ್ರ ನಿಂತು ಉಸಿರು ಬಿಗಿಹಿಡಿದ್ರೆ ನನಗೆ ಇನ್ನೂ ಚೆನ್ನಾಗಿ ಕೇಳಿಸುತ್ತೆ."

"ಅದೇನೇ ಟುಣ್ ಅಂದಿದ್ದು?"

"ಪರದೆ. ಸ್ಕ್ರೀನಿಗೆ ಪರದೆ ಎಳೆದೆ. ಎಳೆದ್ರೆ ಒಂದು ಟುಣ್, ಸರಿಸಿದ್ರೆ ಒಂದು ಟುಣ್. ನೋಡಿ."

ಮೂರು ಕೀಗಳನ್ನು ಒಟ್ಟಿಗೆ ಒತ್ತಿದಳು. ಟುಣ್. ಕತ್ತಲಲ್ಲಿ ಕಂಪ್ಯೂಟರು ಫಕ್ಕನೆ ಬೆಳಗಿ ನನ್ನ ಕಣ್ಣು ಕೋರೈಸಿತು. ಮತ್ತೆ ಒತ್ತಿದಳು. ಟುಣ್. ಸ್ಕ್ರೀನು ಸ್ಲೇಟಿನಂತೆ ಕಪ್ಪಾಯಿತು. ಒಳಗೆ ಎಲ್ಲವೂ ನಡೆಯುತ್ತಲೇ ಇತ್ತು, ತೋರುತ್ತಿರಲಿಲ್ಲ ಅಷ್ಟೆ.

"ನಾನು ನೋಡಲ್ಲ. ಮತ್ತೆ ಹಿಂದೆ ನಿಂತೋರು ಯಾಕೆ ನೋಡ್ಬೇಕು? ಆಫೀಸಲ್ಲೂ ಹೀಗೇ. ನನ್ನ ಸೀಟು ಯಾವಾಗ್ಲೂ ಅಮಾವಾಸ್ಯೆ." ನಗಲು ಹೋದಳು. ಆಗಲಿಲ್ಲ. "ಅತ್ತಿಗೆ, ಅವನು ಸತ್ತೋದ್ರೆ, ಇದನ್ನ ಮಾಡಿದೋರನ್ನ ನಾನು ಸುಮ್ನೆ ಬಿಡಲ್ಲ."

ಅವಳನ್ನು ಮನೆಯಲ್ಲಿ ಚಿನಕುರುಳಿ ಎಂದು ಕರೆಯುವುದು ಸುಮ್ಮನೆ ಅಲ್ಲ.

ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿಯೊಂದರ ಕಂಟ್ರೋಲ್ ರೂಮಿನಲ್ಲಿ ಅವಳಿಗೆ ಕೆಲಸ. ಕಳೆದ ವಾರ ರಾತ್ರಿ ಪಾಳಿಯಲ್ಲಿ, ರಿಪೇರಿಗೆಂದು ತಡೆದು ನಿಲ್ಲಿಸಿದ್ದ ಒಂದು ಲಿಫ್ಟು ಅವಳ ಕಂಪ್ಯೂಟರಿನಿಂದ ಬಿಡುಗಡೆಯಾಯಿತು. ಅದರ ಕೆಳಗಿನ ಗುಂಡಿಯೊಳಗೆ ನಿಂತಿದ್ದ ಮೆಕ್ಯಾನಿಕ್ ಈಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ. "ಕಣ್ಣು ಕಾಣದ ಉದ್ಯೋಗಿಯ ಕೈತಪ್ಪು" ಎಂದು ಕಂಪನಿ ಪೊಲೀಸರಿಗೆ ಹೇಳಿ ಕೈತೊಳೆದುಕೊಂಡಿತ್ತು.

ಆ ಮೆಕ್ಯಾನಿಕ್ಕೂ ಇವಳೂ ಮದುವೆಯಾಗಬೇಕೆಂದಿದ್ದರು. ಅದು ಕಂಪನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಹಾಗೆಂದು ನಂಬಿದ್ದೆ.

ಅಪಘಾತಗಳ ಹಿಂದಿನ ನಿಜವನ್ನು ವಿಮೆ ಕಂಪನಿಗಳಿಗೆ ಹುಡುಕಿಕೊಡುವುದು ನನ್ನ ವೃತ್ತಿ. ಈ ಸಲ ಯಾರೂ ನನ್ನನ್ನು ನೇಮಿಸಿರಲಿಲ್ಲ. ನೇಮಿಸುವ ತನಕ ಕಾಯುವಷ್ಟು ತಾಳ್ಮೆಯೂ ನನಗಿರಲಿಲ್ಲ.

ಕೋಣೆಗೆ ಮರಳಿದಾಗ ನನ್ನ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದರು. ತಂಗಿಯ ಮೇಲೆ ಬಂದ ಅಪವಾದಕ್ಕೆ ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದರು. ಪೊಲೀಸರು ಅವರನ್ನೂ ಕೇಳಿದ್ದರು. "ಆ ಮಾತಾಡೋ ಕಂಪ್ಯೂಟರಿನ ತಲೆಬುಡ ನನಗೆ ಗೊತ್ತಿಲ್ಲ ಸರ್. ನಾನು ಅದನ್ನ ಮುಟ್ಟೋದೇ ಇಲ್ಲ" ಎಂದಿದ್ದರು.

"ಅವಳಿಗೆ ಏನೂ ಆಗಲ್ಲ ಅಲ್ವಾ?" ಎಂದರು ಗೋಡೆಗೇ.

"ನಾಳೆ ಗೊತ್ತಾಗುತ್ತೆ" ಎಂದೆ.

* * *

ಕಂಟ್ರೋಲ್ ರೂಮಿಗೆ ಕಿಟಕಿಯಿರಲಿಲ್ಲ. ಸಾಲು ಮೇಜುಗಳು, ನಡುವೆ ಎದೆಮಟ್ಟದ ಅಡ್ಡಗೋಡೆಗಳು. ಎಲ್ಲ ಸ್ಕ್ರೀನುಗಳಲ್ಲೂ ಊರಿನ ಲಿಫ್ಟುಗಳು ಹಸಿರು ಚೌಕಗಳಾಗಿ ಏರಿ ಇಳಿಯುತ್ತಿದ್ದವು. ಮೂಲೆಯ ಒಂದೇ ಒಂದು ಸ್ಕ್ರೀನು ಕಪ್ಪು. ಅದು ನಾದಿನಿಯದು.

ಸೂಪರ್‌ವೈಸರ್ ಕುರ್ಚಿ ಎಳೆದು ನನ್ನ ಕಡೆ ನೋಡಿದ. "ಅವ್ರನ್ನ ಇಲ್ಲಿ ಕೂರಿಸಿ ಮೇಡಂ. ಅವ್ರಿಗೆ ನೀರು ಬೇಕಾ ಕೇಳಿ."

"ಅವ್ರಿಗೆ ಕಿವಿ ಇದೆ" ಎಂದಳು ನಾದಿನಿ. "ನೀರು ಬೇಡ. ನಿಮ್ಮ ಮುಖಕ್ಕೆ ಎರಚೋ ಹಾಗಿದ್ರೆ ಒಂದು ಬಕೆಟ್ ತರಿಸಿ."

ನನ್ನ ಒತ್ತಾಯಕ್ಕೆ ಬಂದಿದ್ದ ಪೊಲೀಸ್ ತನಿಖಾಧಿಕಾರಿ ಕೆಮ್ಮಿದರು. ಪೆನ್ನಿನ ಮುಚ್ಚಳ ಕಚ್ಚುತ್ತಾ ಎಲ್ಲರನ್ನೂ ಒಂದೇ ರೀತಿ ಅನುಮಾನದಿಂದ ನೋಡುವ ಮನುಷ್ಯ. ನನಗೆ ಅದೇ ಧೈರ್ಯ ಕೊಟ್ಟಿತು.

"ಸಿಂಪಲ್ ವಿಷಯ ಸರ್" ಎಂದ ಸೂಪರ್‌ವೈಸರ್. "ಲಿಫ್ಟಿನ ತಡೆ ತೆಗೆದಿದ್ದು ಇದೇ ಕಂಪ್ಯೂಟರಿಂದ, ಇವರದೇ ಲಾಗಿನ್‌ನಿಂದ. ಬೇಕಂತ ಮಾಡಿದ್ದಾರೆ ಅಂತ ನಾವು ಹೇಳ್ತಿಲ್ಲ. ಪಾಪ, ಕಾಣಲ್ಲ. ಏನೋ ಒತ್ತೋಕೆ ಹೋಗಿ ಏನೋ ಒತ್ತಿದ್ದಾರೆ. ಏನೋ ಮಾನವೀಯತೆಯಿಂದ ಕೆಲಸ ಕೊಟ್ಟಿದ್ವಿ..."

"ಮಾನವೀಯತೆ!" ನಾದಿನಿಯ ಕತ್ತಿನ ನರ ಉಬ್ಬಿತು. "ರಾತ್ರಿ ಬರೋ ಕರೆಗಳಲ್ಲಿ ಅರ್ಧ ನಾನೊಬ್ಬಳೇ ತಗೋತೀನಿ. ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡು ಅಳ್ತಿರೋರನ್ನ ಸಮಾಧಾನ ಮಾಡಿ ಹೊರಗೆ ತರಿಸೋ ಹೊತ್ತಿಗೆ ನೀವಿನ್ನೂ ಕನ್ನಡಕ ಹುಡುಕ್ತಿರ್ತೀರ. ತಿಂಗಳ ಕೊನೆಗೆ ನನಗೆ ಕೊಡೋದು ಸಂಬಳಾನೋ, ಭಿಕ್ಷೇನೋ? ಸರ್ ಎದುರಿಗೇ ಹೇಳಿಬಿಡಿ."

"ನೋಡಿ ಸರ್, ಇದೇ ಸ್ವಭಾವ" ಎಂದು ಸೂಪರ್‌ವೈಸರ್ ಕೈ ಚೆಲ್ಲಿದ.

ನಾನು ಅವಳ ಭುಜದ ಮೇಲೆ ಕೈಯಿಟ್ಟೆ. "ಚಿನಕುರುಳಿ, ಸಿಟ್ಟು ಆಮೇಲೆ. ಮೊದಲು ತೋರಿಸು."

ನಿಜವಾದ ಲಿಫ್ಟುಗಳಿಗೆ ತಾಗದ, ಹೊಸಬರು ಅಭ್ಯಾಸ ಮಾಡುವ ಪುಟವನ್ನು ತೆರೆಸಿದೆವು. ನಾದಿನಿ ಕೂತಳು. ಟುಣ್. ಕಪ್ಪು ಸರಿದು ಸ್ಕ್ರೀನು ಬೆಳಗಿತು.

"ಅಯ್ಯೋ, ಇದು ಕೆಟ್ಟಿಲ್ವಾ?" ಎಂದ ಸೂಪರ್‌ವೈಸರ್. "ಎರಡು ವರ್ಷದಿಂದ ಕೆಟ್ಟಿದೆ ಅಂದ್ಕೊಂಡಿದ್ದೆ. ಹೇಗೂ ಇವರಿಗೆ ಬೇಡ ಅಂತ ರಿಪೇರಿಗೆ ಹೇಳಿರಲಿಲ್ಲ."

ತನಿಖಾಧಿಕಾರಿ ಅವನನ್ನೇ ನೋಡಿದರು.

ನಾದಿನಿ ಹೆಡ್‌ಫೋನಿನ ವಯರು ಕಿತ್ತಳು. ಕೂಡಲೇ ಸ್ಪೀಕರಿನಿಂದ ಒಂದು ದನಿ ಹೊರಟಿತು: ತಿರುತಿರು, ಚಿರಚಿರ, ಉಸಿರೇ ಇಲ್ಲದ ಓಟ. ಇದಕ್ಕಾಗಿಯೇ ಆಫೀಸಿನಲ್ಲಿ ಅವಳಿಗೆ ರೇಡಿಯೋ ಎಂದು ಅಡ್ಡಹೆಸರು.

"ಇದು ಯಾವ ಭಾಷೆ ಅಮ್ಮಾ?"

"ನಮ್ಮದೇ ಸರ್. ಸ್ಕ್ರೀನ್ ರೀಡರ್ ಅಂತ. ಸ್ಕ್ರೀನ್ ಮೇಲೆ ಇರೋದನ್ನ ಓದಿ ಹೇಳುತ್ತೆ. ನೀವು ಪುಟದ ಮೇಲೆ ಕಣ್ಣು ಓಡಿಸ್ತೀರಲ್ಲ, ಆ ಸ್ಪೀಡಿಗೆ ನಾನು ಕಿವಿ ಓಡಿಸ್ಬೇಕು. ಇರಿ, ನಿಮಗೋಸ್ಕರ ನಿಧಾನ ಮಾಡ್ತೀನಿ."

ಎರಡು ಕೀ ಒತ್ತಿ ಹಿಡಿದಳು. ದನಿ ಓಡುವುದನ್ನು ಬಿಟ್ಟು ನಡೆಯತೊಡಗಿತು. ಕೊನೆಗೆ ಒಂದೊಂದೇ ಮಾತನ್ನು ಎತ್ತಿ ಎತ್ತಿ ಇಡತೊಡಗಿತು.

ಅಡ್ಡಗೋಡೆಯ ಆಚೆ ಪಕ್ಕದ ಸೀಟಿನ ಹುಡುಗಿ ತಟ್ಟನೆ ತಲೆಯೆತ್ತಿ ನೋಡಿದಳು. ನಾನು ನೋಡಿದ್ದು ಗೊತ್ತಾಗಿ ತಲೆ ತಗ್ಗಿಸಿದಳು. ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

"ನಾನು ಮೌಸ್ ಮುಟ್ಟಲ್ಲ ಸರ್" ಎಂದಳು ನಾದಿನಿ. "ಬಾಣದ ಗುರುತು ಎಲ್ಲಿದೆ ಅಂತ ಕಾಣದೆ ಮೌಸ್ ಇಟ್ಕೊಂಡು ಏನು ಮಾಡ್ಲಿ? ಈ ಟ್ಯಾಬ್ ಕೀ ಒತ್ತುತ್ತಾ ಹೋಗ್ತೀನಿ. ಒಂದೊಂದೇ ಬಟನ್ ಮೇಲೆ ನಿಂತು ಅದರ ಹೆಸರು ಹೇಳುತ್ತೆ. ಬೇಕಾದ್ದು ಬಂದಾಗ ಎಂಟರ್. ಕೇಳಿ."

"ಲಿಫ್ಟುಗಳ ಪಟ್ಟಿ" ಎಂದಿತು ಯಂತ್ರ. "ಕರೆ ದಾಖಲಿಸಿ, ಬಟನ್. ತಡೆ ಹಾಕಿ, ಬಟನ್. ಬಟನ್. ಬಟನ್. ಲಿಫ್ಟುಗಳ ಪಟ್ಟಿ."

"ಸುತ್ತು ಮುಗೀತು. ತಡೆ ತೆಗೆಯೋ ಬಟನ್ ಎಲ್ಲಿ ಸರ್?"

ತನಿಖಾಧಿಕಾರಿ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದರು. "ಇಲ್ಲೇ ಇದೆಯಲ್ಲ. ತೆರೆದ ಬೀಗದ ಚಿತ್ರ, ಹಸಿರು ಬಣ್ಣದ್ದು. ಇಷ್ಟು ದೊಡ್ಡದಿದೆ."

"ನಿಮಗಿದೆ. ನನಗೆ ಹೆಸರಿಲ್ಲದ ಎರಡು ಬಟನ್ ಇವೆ. ಒಂದು ಪ್ರಿಂಟ್, ಇನ್ನೊಂದು ಸಹಾಯ. ಅದೂ ನಾನೇ ಒತ್ತಿ ಒತ್ತಿ ಕಲಿತಿದ್ದು. ಆ ಬೀಗ ನನಗೆ ಇಲ್ಲವೇ ಇಲ್ಲ. ಸ್ಕ್ರೀನ್ ರೀಡರ್ ಚಿತ್ರ ನೋಡಲ್ಲ ಸರ್. ಮಾಡಿದೋರು ಹಿಂದುಗಡೆ 'ಇದು ಬಟನ್, ಇದರ ಹೆಸರು ಇಂಥದ್ದು' ಅಂತ ಬರೆದಿಟ್ಟಿದ್ರೆ ಓದುತ್ತೆ. ಬರೀ ಬಣ್ಣ ಬಳಿದು ಬಿಟ್ರೆ ಟ್ಯಾಬ್ ಅಲ್ಲಿ ನಿಲ್ಲೋದೂ ಇಲ್ಲ. ಮೌಸ್ ಇದ್ದೋರಿಗೆ ಅದು ಬಾಗಿಲು. ನನಗೆ ಗೋಡೆ."

ತನಿಖಾಧಿಕಾರಿ ತಾವೇ ಟ್ಯಾಬ್ ಒತ್ತಿ ನೋಡಿದರು. ಸುತ್ತಿ ಸುತ್ತಿ ಒತ್ತಿದರು. ಬಟನ್‌ಗಳ ಸುತ್ತ ಮೂಡುವ ನೀಲಿ ಗೆರೆ ಹಸಿರು ಬೀಗವನ್ನು ಪ್ರತಿ ಸಲವೂ ದಾಟಿಕೊಂಡು ಹೋಯಿತು.

"ಹೊಸ ಸಾಫ್ಟ್‌ವೇರ್ ಬಂದ ದಿನವೇ ಹೇಳ್ದೆ. ಆಮೇಲೂ ಹೇಳ್ತಾನೇ ಇದ್ದೆ. ಇವರು ಏನಂದ್ರು ಕೇಳಿ."

ಸೂಪರ್‌ವೈಸರ್ ಟೈ ಸರಿಪಡಿಸಿಕೊಂಡ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂದಿದ್ದೆ. ತಪ್ಪಾ? ಅದಿರಲಿ ಸರ್, ಮೌಸ್ ಮುಟ್ಟಲ್ಲ ಅಂತ ಇವರು ಹೇಳಿದ್ರೆ ಆಯ್ತಾ? ಮೇಜಿನ ಮೇಲೇ ಇದೆ. ಕೈ ತಾಗಿ ಒತ್ತಿಹೋಗಿರಬಹುದು."

ನಾನು ಕಾಯುತ್ತಿದ್ದದ್ದು ಇದಕ್ಕೇ. "ಮೌಸ್ ಯಾವಾಗಿಂದ ಮೇಜಿನ ಮೇಲಿದೆ?"

"ಯಾವಾಗ್ಲೂ..."

"ಇಲ್ಲ" ಎಂದಳು ನಾದಿನಿ. "ವಯರು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಸ್ಕ್ರೀನ್ ಹಿಂದೆ ತಳ್ಳಿದ್ದೆ."

ಹಿಂದೆ ಇಣುಕಿದೆ. ದಟ್ಟ ಧೂಳಿನ ನಡುವೆ ಮೌಸಿನ ಆಕಾರದ ಒಂದು ಶುಭ್ರ ಜಾಗ. ಪಕ್ಕದಲ್ಲಿ ರಬ್ಬರ್ ಬ್ಯಾಂಡ್. ಯಾರೋ ಕೈ ಹಾಕಿ, ಎತ್ತಿ, ವಯರು ಬಿಚ್ಚಿದ್ದರು.

"ಸರ್, ಕಣ್ಣು ಮುಚ್ಚಿ ಮೌಸ್ ಹಿಡಿದು ಆ ಬೀಗ ಒತ್ತಿ ನೋಡೋಣ" ಎಂದೆ. ಅವರು ನಿಜವಾಗಿಯೂ ಕಣ್ಣು ಮುಚ್ಚಿದರು. ಎಲ್ಲೋ ಒತ್ತಿದರು. ಮೂಲೆಯ ಪ್ರಿಂಟರು ಗೊರಗೊರ ಎಂದು ಒಂದು ಖಾಲಿ ಹಾಳೆ ಉಗುಳಿತು. ಇನ್ನೊಮ್ಮೆ ಒತ್ತಿದರು. ಇನ್ನೊಂದು ಹಾಳೆ.

ಕಣ್ಣು ತೆರೆದು ಕೇಳಿದರು: "ಹಾಗಾದ್ರೆ ದಿನಾ ತಡೆ ತೆಗೀತಿದ್ದದ್ದು ಯಾರು?"

ಪಕ್ಕದ ಸೀಟಿನ ಹುಡುಗಿ ಎದ್ದು ನಿಂತಳು. ತುಟಿ ಬಿಳಚಿಕೊಂಡಿತ್ತು.

"ನಾನು ಸರ್. ರೇಡಿಯೋ... ಸಾರಿ, ಅಕ್ಕ ಕರೀತಿದ್ರು. ಅವರೇ ಸ್ಕ್ರೀನ್ ತೆರೆದುಕೊಡ್ತಿದ್ರು, ನಾನು ನನ್ನ ಮೌಸ್ ತಂದು ಸಿಕ್ಕಿಸಿ ಒತ್ತಿ ಹೋಗ್ತಿದ್ದೆ. ಹಾಗೆ ಮಾಡಬಾರದು ಅಂತ ರೂಲ್ಸ್ ಇದೆ. ಸೂಪರ್‌ವೈಸರ್‌ಗೂ ಗೊತ್ತಿತ್ತು. ಬಂದು ನೋಡ್ತಿರಲಿಲ್ಲ, ಆದ್ರೆ ಯಾರಿಗೂ ಹೇಳಬೇಡ ಅಂದ್ರು."

"ನಾನೆಲ್ಲಿ ಅಂದೆ?" ಸೂಪರ್‌ವೈಸರ್ ಕಿರುಚಿದ.

"ಅಂದ್ರಿ! ಅಪಘಾತದ ಮಾರನೇ ಬೆಳಿಗ್ಗೇನೂ ಅಂದ್ರಿ, 'ನಿನ್ನ ಕೆಲಸ ಉಳೀಬೇಕಾದ್ರೆ ಬಾಯಿಗೆ ಬೀಗ ಹಾಕ್ಕೋ' ಅಂತ!"

ನನಗೆ ಮೈ ಉರಿದುಹೋಯಿತು. "ಒಬ್ಬ ಮನುಷ್ಯ ಸಾವಿನ ಬಾಯಲ್ಲಿದ್ದಾನೆ. ಇನ್ನೊಬ್ಬಳನ್ನ ಜೈಲಿಗೆ ಕಳಿಸ್ತಿದ್ದೀರಿ. ಗೊತ್ತಿದ್ದೂ ಬಾಯಿ ಮುಚ್ಚಿ ಕೂತಿದ್ದೀರಲ್ಲ, ರಾತ್ರಿ ನಿದ್ದೆ ಹೇಗೆ ಬರುತ್ತೆ ನಿಮಗೆ? ನಾಚಿಕೆ ಅನ್ನೋದು ಬೇಡವಾ?"

ಸೂಪರ್‌ವೈಸರ್ ಮುಖ ತಿರುಗಿಸಿದ. ಈ ಮಾತುಗಳನ್ನು ಆಡಿದ್ದು ನಾನೇ, ಎಲ್ಲರೂ ಕೇಳಿಸಿಕೊಂಡರು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

"ಅಂದು ರಾತ್ರಿಯೂ ನೀನೇ ಒತ್ತಿದೆಯಾ?" ತನಿಖಾಧಿಕಾರಿ ಹುಡುಗಿಯನ್ನು ಕೇಳಿದರು.

"ಇಲ್ಲ ಸರ್, ದೇವರಾಣೆ! ಅಕ್ಕ ಟೀಗೆ ಹೋಗಿದ್ರು. ನಾನು ಕರೆಯಲ್ಲಿದ್ದೆ, ಒಂದು ಮುದುಕಿ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರು. ಗೋಡೆ ಆಚೆ ಈ ಕಂಪ್ಯೂಟರ್ ಮಾತಾಡ್ತು. ಅಕ್ಕ ವಾಪಸ್ ಬಂದ್ರು ಅಂತ ತಿರುಗಿ ನೋಡ್ಲಿಲ್ಲ. ಆದ್ರೆ..." ಅವಳು ಸ್ಪೀಕರಿನ ಕಡೆ ಕೈ ತೋರಿಸಿದಳು. "ಆದ್ರೆ ಅದು ಹೇಳಿದ್ದು ನನಗೆ ಅರ್ಥ ಆಯ್ತು ಸರ್. ಎರಡು ವರ್ಷದಲ್ಲಿ ಮೊದಲ ಸಲ. ಯಾಕೆ ಅಂತ ಈಗ ನೀವು ನಿಧಾನ ಮಾಡಿಸಿದಾಗ ಹೊಳೀತು. ಅವತ್ತೂ ಅದು ಹೀಗೇ ಮಾತಾಡ್ತಿತ್ತು. ಇಷ್ಟೇ ನಿಧಾನಕ್ಕೆ."

ನಾದಿನಿಯ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು.

"ಹೌದು" ಎಂದಳು. "ಹೌದು ಅತ್ತಿಗೆ! ಟೀ ಕುಡಿದು ಬಂದು ಹೆಡ್‌ಫೋನ್ ಸಿಕ್ಕಿಸಿದಾಗ ಅದು ಆಮೆ ಥರ ಮಾತಾಡ್ತಿತ್ತು. ಯಾವುದೋ ಕೀ ತಾಗಿರಬೇಕು ಅಂದ್ಕೊಂಡು ಸರಿ ಮಾಡ್ಕೊಂಡೆ. ಅಷ್ಟರಲ್ಲೇ ಆ ಬಿಲ್ಡಿಂಗಿನಿಂದ ಫೋನ್ ಬಂತು... ಆಮೇಲೆ ನನಗೆ ಏನೂ ನೆನಪಿಲ್ಲ."

ತನಿಖಾಧಿಕಾರಿ ಪೆನ್ನಿನ ಮುಚ್ಚಳ ಬಾಯಿಂದ ತೆಗೆದರು. "ಅಂದ್ರೆ ಇಲ್ಲಿ ಕೂತವನಿಗೆ ಕಣ್ಣು ಕಾಣುತ್ತೆ. ನಿಮ್ಮ ಓಟ ಅವನ ಕಿವಿಗೆ ಹತ್ತಲ್ಲ, ಅದಕ್ಕೆ ನಿಧಾನ ಮಾಡ್ದ. ಆದ್ರೆ ನಿಧಾನ ಮಾಡೋದು ಹೇಗೆ ಅಂತ ಅವನಿಗೆ ಗೊತ್ತು. ಈ ಕಪ್ಪು ಪರದೆ ಸರಿಸೋದೂ ಗೊತ್ತು. ಯಾರಿಗೆ ಹೇಳಿಕೊಟ್ಟಿದ್ದೀರಿ?"

"ಆಫೀಸಲ್ಲಿ ಯಾರಿಗೂ ಇಲ್ಲ."

ಸೂಪರ್‌ವೈಸರ್ ಬಾಗಿಲ ಗಾರ್ಡನ್ನು ಕರೆಸಿದ. ಗಾರ್ಡು ಸೆಟೆದು ನಿಂತು ಹೇಳಿದ: "ಹೊರಗಿನವರು ಒಂದು ನರಪಿಳ್ಳೆಯೂ ಬಂದಿಲ್ಲ ಸರ್."

"ಹಾಗಾದ್ರೆ ಗಾಳಿ ಬಂದು ಒತ್ತಿತಾ?" ತನಿಖಾಧಿಕಾರಿ ಎದ್ದರು. "ನೋಡಮ್ಮಾ, ನೀವು ಹೇಳಿದ್ದು ನನಗೆ ಅರ್ಥ ಆಗಿದೆ. ಮೇಲಿನವರಿಗೆ ಅರ್ಥ ಮಾಡಿಸೋಕೆ ಒಂದು ಹೆಸರು ಬೇಕು. ಪರದೆ ಸರಿಸೋಕೆ ಯಾರಿಗೆ ಬರುತ್ತೆ ಅಂತ ನಾಳೆ ಬೆಳಿಗ್ಗೆಯೊಳಗೆ ಹೇಳಿ. ಇಲ್ಲಾಂದ್ರೆ ನಿಮ್ಮನ್ನೇ ಕರ್ಕೊಂಡು ಹೋಗಬೇಕಾಗುತ್ತೆ. ಲಾಗಿನ್ ನಿಮ್ಮದು."

* * *

ಹೊರಗೆ ಬಂದ ಮೇಲೂ ಅವಳು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಹೆದರಿಕೆಯಿಂದಲ್ಲ.

"ಗುಂಡಿಯೊಳಗಿನ ಸ್ಟಾಪ್ ಸ್ವಿಚ್ ಕೆಟ್ಟಿತ್ತು, ಅದನ್ನ ಸರಿಮಾಡೋಕೆ ಇಳಿದಿದ್ದ. ಇಳಿಯೋಕೆ ಮುಂಚೆ ಫೋನ್ ಮಾಡಿ 'ತಡೆ ಹಾಕಿದ್ಯಾ?' ಅಂದ. 'ಹಾಕಿದೀನಿ ಮಾರಾಯ, ಇಳಿ' ಅಂದೆ. ನನ್ನ ಮಾತು ನಂಬಿ ಇಳಿದ ಅತ್ತಿಗೆ. ಯಾರು ಅಂತ ಗೊತ್ತಾಗಲಿ, ಈ ಕೈಯಲ್ಲೇ..." ಮಾತು ಮುಗಿಸಲಿಲ್ಲ. "ಆಸ್ಪತ್ರೆಗೆ ಹೋಗ್ತೀನಿ. ನೀವು ಮನೆಗೆ ಹೋಗಿ."

ಅವಳನ್ನು ಟ್ಯಾಕ್ಸಿ ಹತ್ತಿಸಿ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅವಳ ಒಂದು ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಿತ್ತು. ಆಫೀಸಲ್ಲಿ ಯಾರಿಗೂ ಇಲ್ಲ.

ಹಾಗಾದರೆ ಆಫೀಸಿನ ಹೊರಗೆ? ನನಗೇ ಅವಳು ಅದನ್ನು ತೋರಿಸಿದ್ದು ನಿನ್ನೆ ರಾತ್ರಿ.

ಬಾಗಿಲು ತೆರೆದು ಚಪ್ಪಲಿ ಬಿಡುತ್ತಿದ್ದೆ.

ಟುಣ್.

ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು. ಹಾಗೇ ನಿಂತೆ. ನಾದಿನಿ ಆಸ್ಪತ್ರೆಯಲ್ಲಿದ್ದಳು. ಸದ್ದು ಬಂದದ್ದು ಅವಳ ಕೋಣೆಯಿಂದ. ಬೆನ್ನಿಗೇ ಯಂತ್ರ ಚಿರಚಿರ ಎಂದಿತು. ಆಮೇಲೆ ಆ ಚಿರಚಿರ ಇಳಿಯುತ್ತಾ, ಇಳಿಯುತ್ತಾ, ಒಂದೊಂದೇ ಮಾತಾಯಿತು.

"ಹಳೆಯ... ಸಂದೇಶಗಳು. ಅಳಿಸಿ... ಬಟನ್."

ಹೋಗಿ ಇಣುಕಿದೆ. ನನ್ನ ಗಂಡ ಅವಳ ಕುರ್ಚಿಯಲ್ಲಿ ಕೂತಿದ್ದರು. ಎಡಗೈ ಕೀಬೋರ್ಡಿನ ಮೇಲಿತ್ತು. ಅದನ್ನು ಅವರು ನೋಡುತ್ತಲೂ ಇರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ನನ್ನ ಕೈಗೆ ಗೊತ್ತಿರುವ ಹಾಗೆ ಆ ಬೆರಳುಗಳಿಗೆ ಎಲ್ಲವೂ ಗೊತ್ತಿತ್ತು.

"ಓ, ಬಂದ್ಯಾ?" ಎದ್ದರು. "ಅವಳ ವಿಮೆಯದ್ದೇನಾದ್ರೂ ಇದೆಯಾ ನೋಡ್ತಿದ್ದೆ. ಇದರ ತಲೆಬುಡ ಅರ್ಥ ಆಗಲ್ಲಪ್ಪ." ಸ್ವಲ್ಪ ತಡೆದು, "ಅವನಿಗೆ ಎಚ್ಚರ ಆಯ್ತಾ?" ಎಂದರು.

"ಯಾರಿಗೆ?"

"ಅದೇ... ಇವಳ ಮೆಕ್ಯಾನಿಕ್‌ಗೆ."

ಇವಳ ಮೆಕ್ಯಾನಿಕ್.

ನಾನು ಅವರಿಗೆ ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಹೇಳಿದ್ದು ಈ ಹಳೆಯ ಸಂದೇಶಗಳೇ ಇರಬೇಕು. ಪ್ರತಿ ರಾತ್ರಿ ತಂಗಿಯನ್ನು ಆಫೀಸಿಗೆ ಬಿಟ್ಟುಬರುವ ಅಣ್ಣ ಇವರು; ಗಾರ್ಡು ಎದ್ದು ನಮಸ್ಕಾರ ಮಾಡುತ್ತಾನೆ, ಒಳಗೆ ಕೂರಿಸಿ ಟೀ ಕೊಡುತ್ತಾನೆ. ಹೊರಗಿನವರು ಒಂದು ನರಪಿಳ್ಳೆಯೂ ಬಂದಿಲ್ಲ ಸರ್. ನಿಜವನ್ನೇ ಹೇಳಿದ್ದ. ಅವನ ಲೆಕ್ಕದಲ್ಲಿ ಇವರು ಹೊರಗಿನವರಲ್ಲ.

ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ನಾದಿನಿ.

"ಅತ್ತಿಗೆ! ಬೆರಳು ಅಲ್ಲಾಡಿಸ್ದ! ನನ್ನ ಕೈ ಹಿಡ್ಕೊಂಡ, ನಿಜವಾಗ್ಲೂ! ಡಾಕ್ಟರು ಬಂದ್ರು..." ಅಳುತ್ತಿದ್ದಳು, ನಗುತ್ತಿದ್ದಳು. ಹಠಾತ್ತನೆ ನಿಲ್ಲಿಸಿದಳು. "ಅತ್ತಿಗೆ, ನಿಮ್ಮ ಹಿಂದೆ ಮಾತಾಡ್ತಿರೋದು ಯಾರು?"

ಯಂತ್ರ ಇನ್ನೂ ಓದುತ್ತಿತ್ತು. ನಿಧಾನಕ್ಕೆ, ಬಿಡಿಬಿಡಿಯಾಗಿ. ಗಂಡ ನನ್ನನ್ನೇ ನೋಡುತ್ತಿದ್ದರು. ಆ ಕಣ್ಣುಗಳಲ್ಲಿ ಬೆದರಿಕೆಯಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಕೂಗಿಬಿಡುತ್ತಿದ್ದೆ. ಬೆದರಿಕೆಯಿರಲಿಲ್ಲ. ಬೇಡಿಕೆಯಿತ್ತು.

ಬಾಯಿ ಮುಚ್ಚಿ ಕೂತಿದ್ದೀರಲ್ಲ, ರಾತ್ರಿ ನಿದ್ದೆ ಹೇಗೆ ಬರುತ್ತೆ ನಿಮಗೆ? ಮಧ್ಯಾಹ್ನ ಕೇಳಿದ್ದು ನಾನು. ಆ ಸಿಟ್ಟಿನ ಬಿಸಿ ಇನ್ನೂ ಗಂಟಲಲ್ಲಿತ್ತು. ಈಗ ಅದು ಯಾರ ಮೇಲೆ ಎಂದು ಗೊತ್ತಾಗದೆ ಅಲ್ಲೇ ಸುಡುತ್ತಿತ್ತು.

ಯಾರಿಗೂ ಹೇಳುವುದಿಲ್ಲ. ತನಿಖಾಧಿಕಾರಿಗೂ ಇಲ್ಲ, ಇವಳಿಗೂ ಇಲ್ಲ. ಯಾಕೆ ಎಂದು ಇವರ ಬಾಯಿಂದಲೇ ಕೇಳುವ ತನಕ ಇಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಸೂಪರ್‌ವೈಸರ್ ಕೂಡ ತನಗೆ ತಾನೇ ಇಂಥದ್ದೇ ಏನೋ ಹೇಳಿಕೊಂಡಿರಬೇಕು.

"ಟಿವಿ" ಎಂದೆ.

ಆ ಕಡೆ ಉಸಿರು ನಿಂತಿತು. ಬಾಗಿಲ ಹತ್ತಿರ ಉಸಿರು ಬಿಗಿಹಿಡಿದು ನಿಂತವರನ್ನು ಗುರುತಿಸುವ ಕಿವಿ ಅದು.

"ಹೌದಾ ಅತ್ತಿಗೆ?" ಎಂದಳು ನಾದಿನಿ, ಒಂದೊಂದೇ ಮಾತನ್ನು ಎತ್ತಿ ಎತ್ತಿ ಇಡುತ್ತಾ. "ಸರಿ. ಟಿವಿ ಆರಿಸಿ. ನಾನು ಮನೆಗೆ ಬರ್ತಿದೀನಿ."